ಪೆಟ್ಟಿಗೆಗೆ ಮೆಲುದನಿ ಕಲಿಸಿದ್ದು

ಆದಿವಾಲ ಎಂಬ ಊರಿನಲ್ಲಿ ನಾಟಕದ ತಾಲೀಮು ನಡೆದಿತ್ತು. ಹಾರ್ಮೋನಿಯಂ ನುಡಿಸುವವರ ಕೈ ಮುರಿದದ್ದರಿಂದ ನನ್ನನ್ನು ಕರೆದಿದ್ದರು. ನಾನು ಒಯ್ದದ್ದು ಬಿಡಿಭಾಗ ಜೋಡಿಸಿ ನಾನೇ ಮಾಡಿದ, ಕರೆಂಟಿನಿಂದ ಸ್ವರ ಹುಟ್ಟಿಸುವ ಸಿಂಥಸೈಜರ್: ಒಂದು ಕೀಬೋರ್ಡು, ಒಂದು ಪೆಟ್ಟಿಗೆ, ಪೆಟ್ಟಿಗೆಯ ತುಂಬ ವೈರು.

ಮಗನನ್ನು ಕಳೆದುಕೊಂಡ ತಾಯಿಯ ಪಾತ್ರ ಮಾಡುತ್ತಿದ್ದ ರುದ್ರಣ್ಣ ಎರಡೇ ಸಾಲಿಗೆ ಹಾಡು ನಿಲ್ಲಿಸಿದ.

"ಏನ್ರಿ ಇದು, ಲಾರಿ ಹಾರನ್ ಇದ್ದಂಗೈತೆ. ನಾನು ಅಳಾದು ಯಾರಿಗೆ ಕೇಳ್ಬೇಕು?"

ನಾಟಕ ಕಲಿಸುವ ಮೇಷ್ಟ್ರು, "ಹೊಳಲ್ಕೆರೆಯಿಂದ ಬೇರೆ ಯಾರನ್ನಾದ್ರೂ ಕರೆಸಾಣ ಬಿಡ್ರಿ" ಎಂದರು.

ದೂರು ಸರಿಯಾಗಿಯೇ ಇತ್ತು. ಕೀ ಹೇಗೆ ಒತ್ತಿದರೂ ಸ್ವರ ಒಂದೇ ಜೋರಿನಲ್ಲಿ ಬರುತ್ತಿತ್ತು. "ಟೀ ಕುಡ್ದು ಬರ್ರಿ. ಅಷ್ಟ್ರಾಗೆ ಸರಿಯಾಗ್ದಿದ್ರೆ ನಾನೇ ಹೋಗ್ತೀನಿ" ಎಂದೆ.

ಬೆರಳು ಬಿದ್ದ ರಭಸಕ್ಕೆ ತಕ್ಕಂತೆ ಕೀಬೋರ್ಡು ಒಂದು ವೋಲ್ಟೇಜು ಕೊಡುತ್ತದೆ. ಅದನ್ನು ನಾನು ಬಳಸಿರಲೇ ಇಲ್ಲ. ಒಂದು ವೈರು ಹಾಕಿ ಅದನ್ನು ಸ್ವರದ ಜೋರನ್ನು ಏರಿಸಿ ಇಳಿಸುವ ಭಾಗಕ್ಕೆ ಕೊಟ್ಟೆ. ಇನ್ನೊಂದು ವೈರಿನಲ್ಲಿ, ಸ್ವಲ್ಪ ತಗ್ಗಿಸಿ, ಸ್ವರದ ಮೊನಚನ್ನು ಹೆಚ್ಚುಕಡಿಮೆ ಮಾಡುವ ಫಿಲ್ಟರಿಗೂ ಕೊಟ್ಟೆ. ಈಗ ಮೆಲ್ಲಗೆ ಒತ್ತಿದರೆ ಸ್ವರ ತಗ್ಗಿ ಮಂಕಾಗುತ್ತಿತ್ತು, ಬಲವಾಗಿ ಒತ್ತಿದರೆ ಏರಿ ಮೊನಚಾಗುತ್ತಿತ್ತು. ಹೊಸ ಸಾಮಾನು ಒಂದೂ ಬೇಕಾಗಲಿಲ್ಲ.

ದೃಶ್ಯ ಮತ್ತೆ ಶುರುವಾಯಿತು. ನಾನು ಮೆಲ್ಲಗೆ ಸ್ವರ ಹಿಡಿದೆ. ಹಾಡಬೇಕಾದ ರುದ್ರಣ್ಣ ಬಾಯಿ ತೆರೆಯದೆ ಪೆಟ್ಟಿಗೆಯನ್ನೇ ನೋಡುತ್ತ ಕುಳಿತ.

"ಲೇ ರುದ್ರ, ಪೆಟ್ಟಿಗೇನೇ ಅಳ್ತೈತೆ, ನಿಂಗೇನಾಗೈತೆ?" ಎಂದು ಮೇಷ್ಟ್ರು ಗದರಿದರು.

ಯಂತ್ರ ಅಳುತ್ತದೆ ಎಂದರೆ ನಾನು ನಂಬುವವನಲ್ಲ. ಆದರೂ ಆವತ್ತು ಮೇಷ್ಟ್ರನ್ನು ತಿದ್ದುವ ಅಗತ್ಯ ನನಗೆ ಕಾಣಲಿಲ್ಲ.