ನೀತಿಯಿಲ್ಲದ ಕಥೆ

ಹೋದ ತಿಂಗಳು ಆಂಧ್ರದ ಆದೋನಿಯ ನಮ್ಮ ಹಳೆಯ ಕಾಲೇಜಿನಲ್ಲಿ ನನ್ನ ಕೈಗೆ ಒಂದು ಜೆರಾಕ್ಸ್ ಹಾಳೆ ಕೊಟ್ಟರು. ಆಗಷ್ಟೇ ಯಂತ್ರದಿಂದ ತೆಗೆದದ್ದು, ಇನ್ನೂ ಬೆಚ್ಚಗಿತ್ತು, ಕಮಟು ವಾಸನೆ ಬರುತ್ತಿತ್ತು. ಮೇಲೆ ದಪ್ಪ ಅಕ್ಷರದಲ್ಲಿ ‘ನವ್ಯ ಸಾಹಿತ್ಯದ ಪ್ರಮುಖ ಲಕ್ಷಣಗಳು’. ಕೆಳಗೆ ಒಂಟಿತನ, ಪ್ರತಿಭಟನೆ, ಮನಸ್ಸಿನ ಒಳಹರಿವು, ಆದಿ ಅಂತ್ಯವಿಲ್ಲದ ನಿರೂಪಣೆ... ಓದುತ್ತಿದ್ದಂತೆ ನನಗೆ ಮೈಯೆಲ್ಲ ಉರಿಯಿತು. ಈ ಲಕ್ಷಣಗಳಿದ್ದ ಒಂದು ಕಥೆ ಇದೇ ಕಾಲೇಜಿನಲ್ಲಿ ಹುಟ್ಟಿತ್ತು. ಅದಕ್ಕಾಗಿಯೇ ನಮ್ಮ ಕನ್ನಡ ಮೇಡಂ ಕೆಲಸ ಕಳೆದುಕೊಂಡಿದ್ದರು.

ಮೇಡಂ ಆಸ್ಪರಿಯಿಂದ ಬೆಳಗಿನ ಪ್ಯಾಸೆಂಜರಿಗೆ ಬರುತ್ತಿದ್ದರು. ಸ್ಟೇಷನ್ನಿನಿಂದ ಜಿನ್ನಿಂಗ್ ಮಿಲ್ಲುಗಳ ಓಣಿಯಲ್ಲೇ ನಡೆದು ಬರುತ್ತಿದ್ದುದರಿಂದ ಅವರ ತಲೆಗೂದಲಲ್ಲಿ ಯಾವಾಗಲೂ ಹತ್ತಿಯ ಎಳೆ ಸಿಕ್ಕಿಕೊಂಡಿರುತ್ತಿತ್ತು. ನಮ್ಮ ಕನ್ನಡ ತರಗತಿಯಲ್ಲಿ ಬೆಂಚು ಸಾಲದೆ ಕೆಲವರು ಕಿಟಕಿಯ ಕಟ್ಟೆಯ ಮೇಲೆ ಕೂರುತ್ತಿದ್ದೆವು. ನವ್ಯ ಪಾಠ ಶುರುವಾದ ದಿನ ಅವರು ಗೈಡ್ ಪುಸ್ತಕಗಳನ್ನೆಲ್ಲ ಮುಚ್ಚಿಸಿದರು.

“ಮಿಲ್ಲಿನ ಗದ್ದಲದಾಗ ಕೂಲಿ ಹೆಣ್ಮಗಳಿಗೆ ಬಾಜೂಕ ನಿಂತಾಕಿ ಮಾತು ಕೇಳಂಗಿಲ್ಲ. ಅಷ್ಟು ಮಂದ್ಯಾಗ ಆಕಿ ಒಬ್ಬಾಕಿನ. ಒಂಟಿತನ ಅಂದ್ರ ಅದು. ಬಾಯಿಪಾಠ ಮಾಡಬ್ಯಾಡ್ರಿ, ಹೋಗಿ ನೋಡ್ರಿ,” ಎಂದರು.

ಆಮೇಲೆ ಎಲ್ಲರಿಗೂ ಒಂದು ಕೆಲಸ ಕೊಟ್ಟರು. ನಿಮ್ಮ ಮನೆಯಲ್ಲಿ ನಡೆದದ್ದನ್ನು ಬರೆಯಿರಿ. ಆದರೆ ಹೊರಗೆ ಏನಾಯಿತೆಂದು ಬೇಡ, ಆಗ ಮನಸ್ಸಿನೊಳಗೆ ಏನೇನು ಓಡಿತೋ ಅದನ್ನು, ಓಡಿದ ಹಾಗೆಯೇ ಬರೆಯಿರಿ. ತೆಲುಗಿನಲ್ಲಿ ಓಡಿದರೆ ತೆಲುಗಿನಲ್ಲೇ ಇರಲಿ. ನಾವು ಮುಸುಮುಸು ನಕ್ಕೆವು. ನಮ್ಮ ಮನಸ್ಸಿನಲ್ಲಿ ಓಡುವುದನ್ನೂ ಸಾಹಿತ್ಯ ಅನ್ನುತ್ತಾರೆ ಎಂದು ಅದುವರೆಗೆ ಯಾರೂ ನಮಗೆ ಹೇಳಿರಲಿಲ್ಲ.

ದೇವನಕೊಂಡದ ಕಡೆಯಿಂದ ಬರುತ್ತಿದ್ದ ನನ್ನ ಗೆಳತಿಗೆ ಆಗ ಗಂಡು ಗೊತ್ತು ಮಾಡುತ್ತಿದ್ದರು. ಆಕೆ ತನ್ನನ್ನು ನೋಡಲು ಬಂದವರ ಬಗ್ಗೆಯೇ ಬರೆದಳು. ಹುಡುಗನ ಕಡೆಯವರು ತೆಲುಗಿನವರು. ಅವರ ಮುಂದೆ ಮಂಡಕ್ಕಿಯ ಉಗ್ಗಾಣಿ ತಟ್ಟೆ ಇಡುತ್ತ ಆಕೆಯ ಬಾಯಿ “ತೀಸ್ಕೋಂಡಿ”, ತಗೊಳ್ಳಿ, ಎನ್ನುತ್ತದೆ, ಮನಸ್ಸು ಕನ್ನಡದಲ್ಲಿ “ಎದ್ದು ಹೋಗ್ರಿ” ಎನ್ನುತ್ತದೆ. ನಡೆದು ತೋರಿಸು ಎನ್ನುತ್ತಾರೆ, ನಡೆಯುತ್ತಾಳೆ. ನಡುವೆ ಎಲ್ಲಿಂದಲೋ ಸತ್ತ ಎಮ್ಮೆಯ ನೆನಪು ಬರುತ್ತದೆ. ಕೊಳ್ಳುವ ಮೊದಲು ಅದನ್ನೂ ಹೀಗೆಯೇ ಅಂಗಳದಲ್ಲಿ ನಡೆಸಿ ನೋಡಿದ್ದರು. ಮತ್ತೆ ಉಗ್ಗಾಣಿ, ಅಜ್ಜಿಯ ಕೆಮ್ಮು, ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳು... ಅಲ್ಲಿಗೇ ನಿಲ್ಲಿಸಿದ್ದಳು. ಸಂಬಂಧ ಕುದುರಿತೋ ಇಲ್ಲವೋ ಬರೆದಿರಲಿಲ್ಲ.

ಮೇಡಂ ಅದನ್ನು ಎರಡು ಸಲ ಓದಿದರು. ಗೆಳತಿಯನ್ನು ಕೇಳಿ, ಅವಳು ಹ್ಞೂಂ ಎಂದ ಮೇಲೆ, ಅದನ್ನು ಕಾಲೇಜಿನ ಗೋಡೆ ಪತ್ರಿಕೆಗೆ ಅಂಟಿಸಿದರು.

ಮೂರ್ನಾಲ್ಕು ದಿನಗಳಲ್ಲಿ ಸುದ್ದಿ ದೇವನಕೊಂಡಕ್ಕೆ ಮುಟ್ಟಿತು. ಆಕೆಯ ತಂದೆ ಊರಿನ ಹಿರಿಯರನ್ನು ಕಟ್ಟಿಕೊಂಡು ಬಂದು ಕರೆಸ್ಪಾಂಡೆಂಟರ ರೂಮಿನಲ್ಲಿ ಕೂತರು. ಕರೆಸ್ಪಾಂಡೆಂಟರೆಂದರೆ ಕಾಲೇಜಿನ ಯಜಮಾನರು, ಹತ್ತಿ ವ್ಯಾಪಾರಿ, ಮನೆಮಾತು ಕನ್ನಡ. ಮೇಡಂ ಅವರನ್ನು ಒಳಗೆ ಕರೆಸಿದರು, ಬಾಗಿಲ ಹೊರಗೆ ನಾವೆಲ್ಲ ನಿಂತಿದ್ದೆವು.

“ಮೊದಲಿಲ್ಲ, ಕೊನಿಯಿಲ್ಲ, ನೀತಿಯಿಲ್ಲ. ಅರ್ಧ ತೆಲುಗು ಬ್ಯಾರೆ. ಇದೂ ಒಂದು ಕಥಿ ಏನ್ರಿ ಮೇಡಂ? ಕಿತ್ತು ಹಾಕ್ರಿ. ಹಿರೇರ ಮುಂದ ತಪ್ಪಾತು ಅನ್ರಿ, ಮುಗೀತು,” ಎಂದರು ಕರೆಸ್ಪಾಂಡೆಂಟರು.

“ನಾ ತಪ್ಪಾತು ಅಂದ್ರ ಆಕಿ ಬರದಿದ್ದು ತಪ್ಪು ಅಂದಂಗಾತಲ್ರಿ ಸಾರ್. ಆಮ್ಯಾಲ ಆಕಿ ಪೆನ್ನು ಹಿಡಿಯಂಗಿಲ್ಲ,” ಎಂದರು ಮೇಡಂ. ದನಿ ಏರಿಸಲಿಲ್ಲ. ಕೀಳಲೂ ಇಲ್ಲ. ಸಂಜೆ ಜವಾನ ಬಂದು ಕಿತ್ತ.

ಮುಂದಿನ ಜೂನ್‌ನಲ್ಲಿ ಕಾಲೇಜಿಗೆ ಹೋದರೆ ನೋಟಿಸ್ ಬೋರ್ಡಿನಲ್ಲಿ ‘ವಿದ್ಯಾರ್ಥಿಗಳ ಕೊರತೆಯಿಂದ ಕನ್ನಡ ವಿಭಾಗವನ್ನು ಮುಚ್ಚಲಾಗಿದೆ’ ಎಂದಿತ್ತು. ಕೊರತೆಯಂತೆ! ಕಿಟಕಿಯ ಕಟ್ಟೆಯ ಮೇಲೆ ಕೂತವರು ಯಾರು, ದೆವ್ವಗಳೇ? ನಾವು ಕೊನೆಯ ವರ್ಷವನ್ನು ತೆಲುಗು ತೆಗೆದುಕೊಂಡು ಮುಗಿಸಿದೆವು. ಗೆಳತಿ ಕಾಲೇಜಿಗೆ ಮರಳಲೇ ಇಲ್ಲ, ನೋಡಲು ಬಂದಿದ್ದ ಅದೇ ಮನೆಗೆ ಅವಳನ್ನು ಕೊಟ್ಟಿದ್ದರು. ಮೇಡಂ ಆಸ್ಪರಿಯ ಒಂದು ಕಾನ್ವೆಂಟಿನಲ್ಲಿ ಚಿಕ್ಕ ಮಕ್ಕಳಿಗೆ ಎಬಿಸಿಡಿ ಹೇಳಿಕೊಡುತ್ತ ಉಳಿದರು. ಒಮ್ಮೆ ಅವರನ್ನು ನೋಡಲು ಹೋದಾಗ ಆ ಗಲಾಟೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. “ಆಕಿ ಬರಿತಾಳೇನವ್ವ?” ಎಂದಷ್ಟೇ ಕೇಳಿದರು. ಎರಡು ವರ್ಷದ ಹಿಂದೆ ಮೇಡಂ ತೀರಿಕೊಂಡರು.

ಈಗ ಕಾಲೇಜಿಗೆ ತಪಾಸಣೆಯವರು ಬರುತ್ತಾರಂತೆ. ಅದಕ್ಕೆ ಸತ್ತ ವಿಭಾಗಗಳ ಹೆಸರಿನಲ್ಲೂ ಒಂದೊಂದು ಸೆಮಿನಾರ್ ಮಾಡಿ ಫೋಟೋ ತೆಗೆಸುತ್ತಿದ್ದರು. ಹಳೆಯ ವಿದ್ಯಾರ್ಥಿನಿ ಎಂದು ನನ್ನೊಬ್ಬಳನ್ನು ಕರೆದಿದ್ದರು. ಬಳ್ಳಾರಿಯಿಂದ ಬರಬೇಕಿದ್ದ ಉಪನ್ಯಾಸಕರು ಬರಲಿಲ್ಲ. ಆ ಕರೆಸ್ಪಾಂಡೆಂಟರೇ, ಈಗ ಮುದುಕರು, ಶಾಲು ಹೊದ್ದು ಮೈಕಿನ ಮುಂದೆ ನಿಂತು ಆ ಜೆರಾಕ್ಸ್ ಹಾಳೆಯನ್ನು ಓದಿದರು. “ಪ್ರತಿಭಟನೆಯೇ ನವ್ಯದ ಜೀವಾಳ” ಎಂದು ಓದುವಾಗ ಅವರ ನಾಲಿಗೆ ಒಂಚೂರೂ ತೊದಲಲಿಲ್ಲ. ನನಗೆ ಆ ಮೈಕಿನ ವೈರು ಕಿತ್ತೊಗೆಯಬೇಕೆನ್ನಿಸಿತು.

ಓದಿ ಮುಗಿಸಿ ತೆಲುಗಿನಲ್ಲಿ “ಎವರಿಕೈನಾ ಡೌಟ್ಸ್ ಉನ್ನಾಯಾ?”, ಯಾರಿಗಾದರೂ ಡೌಟ್ಸ್ ಇವೆಯೇ, ಎಂದರು.

ನಾನು ಎದ್ದು ನಿಂತೆ. “ಪ್ರತಿಭಟನೆ ಅಷ್ಟು ದೊಡ್ಡದು ಅಂತ ಓದಿದ್ರಲ್ರಿ ಸಾರ್, ಹಂಗಾದ್ರ ನಮ್ಮ ಮೇಡಂನ ಯಾಕ್ ತೆಗೆದ್ರಿ?” ಎಂದು ಕೂಗಿಯೇ ಕೇಳಿದೆ.

ಅವರ ಕೈಯಲ್ಲಿದ್ದ ಹಾಳೆ ಕೆಳಗಿಳಿಯಿತು. ಕುರ್ಚಿ ತುಂಬಿಸಲೆಂದು ತೆಲುಗು ವಿಭಾಗದಿಂದ ಕರೆತಂದಿದ್ದ ಹುಡುಗಿಯರು ಮುಖ ಮುಖ ನೋಡಿಕೊಂಡರು. ಪಕ್ಕದವಳು ನನ್ನ ಸೆರಗು ಜಗ್ಗಿ “ಏಮನ್ನಾರು ಆಂಟೀ?”, ಏನಂದಿರಿ, ಎಂದಳು. ಕರೆಸ್ಪಾಂಡೆಂಟರು “ಡೌಟ್ಸ್ ಏಮೀ ಲೇವು”, ಡೌಟ್ಸ್ ಏನೂ ಇಲ್ಲ, ಎಂದು ಮೈಕ್ ಆರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟು ದೊಡ್ಡ ಹಾಲಿನಲ್ಲಿ ನನ್ನ ಪ್ರಶ್ನೆ ಅರ್ಥವಾದದ್ದು ಅವರೊಬ್ಬರಿಗೇ.