ವಿಮಾನದ ಸುಷಮಾ ಕೇಳಿದ ಕೆಟ್ಟ ಪ್ರಶ್ನೆ

ಆದವಾನಿಯಲ್ಲಿ ಸುಷಮಾ ಎಂದರೆ ಯಾವ ಸುಷಮಾ ಎನ್ನುತ್ತಾರೆ. ವಿಮಾನದ ಸುಷಮಾ ಎಂದರೆ ಆಟೋದವನು ನೇರ ಮನೆ ಬಾಗಿಲಿಗೇ ತಂದು ಇಳಿಸುತ್ತಾನೆ. ಹಾಗಂತ ಆಕೆ ವಿಮಾನ ಹತ್ತಿದವಳೇನಲ್ಲ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತ, ಪಿಎಚ್‌ಡಿಗೆಂದು ವಿಮಾನ ಕಾಯುವವರನ್ನು ಕಾಯುವ ವಿಷಯ ಹಿಡಿದವಳು. ವಿಮಾನಗಳ ಓಡಾಟವನ್ನು ಪರದೆಯ ಮೇಲೆ ನೋಡುತ್ತ ಕೂರುವವರಿದ್ದಾರಲ್ಲ, ಈಗ ಅವರ ಅರ್ಧ ಕೆಲಸ ಯಂತ್ರವೇ ಮಾಡುತ್ತದೆ. ಯಂತ್ರ ನೋಡಿಕೊಳ್ಳುತ್ತದೆಂದು ಮನುಷ್ಯ ಕಣ್ಣು ತೆರೆದೇ ನಿದ್ದೆ ಹೋದರೆ ಗತಿಯೇನು? ಅವನ ಎಚ್ಚರವನ್ನು ಅಳೆಯಬೇಕು. ಚುಕ್ಕೆಗಳಾಗಿ ವಿಮಾನಗಳು ಹರಿದಾಡುತ್ತಿರುವಾಗ ತಟ್ಟನೆ ಪರದೆ ಕಪ್ಪು ಮಾಡಿ, ಮುಂದೇನಾಗಲಿತ್ತು ಎಂದು ಕೇಳುವುದೇ ಆಕೆಯ ಅಳತೆಗೋಲು.

ಪರದೆ ಕಾಯುವ ನಿಜವಾದ ಕಂಟ್ರೋಲರುಗಳು ಬೇಕೆಂದಾಗ ಸಿಗುವವರಲ್ಲ. ಅವರ ಮುಂದಿಡುವ ಮೊದಲು ಪ್ರಶ್ನೆಗಳನ್ನು ಯಾರ ಮೇಲಾದರೂ ಪ್ರಯೋಗಿಸಬೇಕಲ್ಲ, ಓಣಿಯವರೇ ಸಿಕ್ಕರು. ಸುಷಮಾ ಪಡಸಾಲೆಯಲ್ಲಿ ಕಂಪ್ಯೂಟರು ಹೂಡಿದಳು. ತಾಯಿ ಕಾವೇರಿಬಾಯಿ ಒಳಗೆ ಮಂಡಕ್ಕಿ ಒಗ್ಗಾಣಿ, ಮಿರ್ಚಿ ಹೂಡಿದರು. ಜನ ವಿಜ್ಞಾನದ ಮೇಲಿನ ಪ್ರೀತಿಗೆ ಬಂದರೆಂದು ಸುಷಮಾ ಇಂದಿಗೂ ನಂಬಿದ್ದಾಳೆ, ನಾವೇಕೆ ಬೇಡವೆನ್ನೋಣ.

ಮೊದಲು ಕೂತವರು ಪಕ್ಕದ ಮನೆಯ ಚಂದ್ರಣ್ಣ. ಹತ್ತಿ ಮಾರ್ಕೆಟ್ಟಿನ ದಲಾಲಿ, ಕಣ್ಣಿನ ಚುರುಕಿಗೆ ಹೆಸರಾದವರು. ಎರಡು ಚುಕ್ಕೆಗಳು ಎದುರುಬದುರಾಗಿ ಹತ್ತಿರ ಬಂದವು. ಪರದೆ ಕಪ್ಪಾಯಿತು.

"ಕಾಕಾ, ಆ ಎರಡೂ ವಿಮಾನ ಡಿಕ್ಕಿ ಹೊಡೀತಿದ್ವೋ ಇಲ್ಲೋ?"

"ಏಂ ಕಾದಮ್ಮಾ! ಏನೂ ಆಗಂಗಿಲ್ಲ. ಚೊಲೋ ಹೊಂಟಿದ್ವು," ಎಂದರು ಚಂದ್ರಣ್ಣ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ.

ಅವರ ಹೆಂಡತಿ ಗುರುಶಾಂತಮ್ಮನೂ ಅದನ್ನೇ ಹೇಳಿದರು. ಆಮೇಲೆ ಕೂತವರೂ ಅದನ್ನೇ ಹೇಳಿ, ಕೈ ತೊಳೆದು, ಒಗ್ಗಾಣಿಗೆ ಕೂತರು. ಇಡೀ ಓಣಿಯಲ್ಲಿ ಒಬ್ಬರ ಕಣ್ಣಿಗೂ ಅಪಘಾತ ಬೀಳಲಿಲ್ಲ.

ಸುಷಮಾಳಿಗೆ ಅಳುವೇ ಬಂತು. ಭಾನುವಾರ ಹೈದರಾಬಾದಿನಿಂದ ಆಕೆಯ ಗೈಡು ತ್ರಿವೇಣಿ ಮೇಡಂ ಬರುವವರಿದ್ದರು. ಇಲ್ಲೇ ಪಕ್ಕದ ಎಮ್ಮಿಗನೂರಿನಲ್ಲಿ ಹುಟ್ಟಿ ಬೆಳೆದ ಹೆಂಗಸು, ಮಾತು ಕಡ್ಡಿ ಮುರಿದಂತೆ. ಈ ಪರೀಕ್ಷೆ ಎಚ್ಚರವನ್ನು ಅಳೆಯದಿದ್ದರೆ ವಿಷಯವನ್ನೇ ಬದಲಿಸು ಎಂದು ಮೊದಲೇ ಹೇಳಿಬಿಟ್ಟಿದ್ದರು. ಬದಲಿಸುವುದೆಂದರೆ ವರ್ಷಗಳ ದುಡಿಮೆ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ.

ಕೂತವರನ್ನು ಅಡಿಯಿಂದ ಮುಡಿಯವರೆಗೆ ಹಿಡಿಯಲೆಂದು ಪರದೆಯ ಪಕ್ಕ ಒಂದು ಕ್ಯಾಮೆರಾ ಇಟ್ಟಿದ್ದಳು. ಬೇರೆ ದಾರಿ ಕಾಣದೆ ಅದರ ವಿಡಿಯೋ ಹಾಕಿ ನೋಡಿದಳು. ಚುಕ್ಕೆಗಳು ಹತ್ತಿರವಾಗುತ್ತಿದ್ದಂತೆ ಚಂದ್ರಣ್ಣ ಕುರ್ಚಿಯಲ್ಲೇ ವಾಲಿ, ಬಲಗಾಲಿನಿಂದ ನೆಲವನ್ನು ಬ್ರೇಕಿನಂತೆ ಒತ್ತುತ್ತಿದ್ದಾರೆ! ಗುರುಶಾಂತಮ್ಮ ಸೆರಗನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ, ಕೊರಳಿನ ಲಿಂಗ ಹಿಡಿದುಕೊಂಡಿದ್ದಾರೆ. ಪರದೆ ಕಪ್ಪಾದ ಮರುಕ್ಷಣವೇ ಇಬ್ಬರೂ "ಏನೂ ಆಗಂಗಿಲ್ಲ" ಎನ್ನುತ್ತಿದ್ದಾರೆ.

ಸುಷಮಾ ಪಕ್ಕದ ಮನೆಗೆ ಓಡಿದಳು. "ಕಾಕಾ, ನಿಮಗ ಕಂಡಿತ್ತಲ್ಲ? ಮತ್ಯಾಕ ಹೇಳ್ಲಿಲ್ಲ?"

"ಕಾಣಲಾರದಕ್ಕ ನಾನೇನು ಕುರುಡನೇನವ್ವ? ಬಾಯಿಲೆ ಅನ್ನಬಾರದು. ಅಸ್ತು ದೇವತಿಗಳು ತಿರುಗಾಡತಿರ್ತಾವ, ನಾವು ಡಿಕ್ಕಿ ಅಂದ್ರ ಅವು ಅಸ್ತು ಅಂತಾವ."

"ಅವು ಕಂಪ್ಯೂಟರಿನ ಸುಳ್ಳು ವಿಮಾನ, ಕಾಕಾ!"

ಗುರುಶಾಂತಮ್ಮ ಒಳಗಿನಿಂದಲೇ ಕೂಗಿದರು: "ವಿಮಾನ ಸುಳ್ಳಿರಬೌದು, ಅಸ್ತು ಸುಳ್ಳು ಆಗ್ತೈತೇನು? ಅದರಾಗ ಮ್ಯಾಲಿಂದು ಅವರದೇ ಏರಿಯಾ. ನಿನ್ನಂಥಾ ಓದಿದಾಕಿ ಇಂಥಾ ಕೆಟ್ಟ ಪ್ರಶ್ನಿ ಕೇಳಬೌದೇನು?"

ಸುಷಮಾ ತನ್ನ ಹಣೆಯನ್ನು ತಾನೇ ಚಚ್ಚಿಕೊಂಡಳು. ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುವ, ಹೊರಟವರು ಹೋಗುತ್ತೇನೆ ಎಂದರೆ ತಡೆದು 'ಹೋಗಿ ಬರ್ತೀನಿ ಅನ್ನು' ಎಂದು ಗದರುವ ಮನೆಯಲ್ಲಿ ಹುಟ್ಟಿದವಳು ಆಕೆ. ಹತ್ತಿಯ ದರ ಬಿದ್ದರೂ ಬಿತ್ತು ಎನ್ನದೆ ಮೆತ್ತಗಾಗಿದೆ ಎನ್ನುವ ದಲಾಲಿಯನ್ನು ಕೂರಿಸಿ, ವಿಮಾನ ಬೀಳುತ್ತದೆಯೇ ಎಂದು ಕೇಳಿದ್ದಳು! ಊರೆಲ್ಲ ಎಚ್ಚರವಾಗಿತ್ತು, ತೂಕಡಿಸಿದವಳು ತಾನೊಬ್ಬಳೇ.

ಪ್ರಶ್ನೆ ಬದಲಾಯಿತು. 'ಯಾವ ವಿಮಾನಕ್ಕ ಬ್ಯಾರೆ ದಾರಿ ತೋರಸ್ತೀರಿ? ಅದು ಇದ್ದ ಜಾಗಕ್ಕ ಬೆರಳಿಡ್ರಿ.' ಬಾಯಿಗೆ ಕೆಲಸವಿಲ್ಲ, ದೇವತೆಗಳಿಗೆ ಕೇಳಿಸುವುದಿಲ್ಲ. ಎಲ್ಲರೂ ಮತ್ತೆ ಬಂದರು, ಮತ್ತೆ ತಿಂದರು. ಈ ಸಲ ಬೆರಳುಗಳು ಬಿದ್ದದ್ದು ಬಹುಪಾಲು ಸರಿಯಾದ ಜಾಗಕ್ಕೇ. ಸುಷಮಾಳ ಖುಷಿಗೆ ಪಾರವಿರಲಿಲ್ಲ.

ಭಾನುವಾರ ತ್ರಿವೇಣಿ ಮೇಡಂ ಬಂದರು. ಗುರುಶಾಂತಮ್ಮನೂ ಕೇಳದೆಯೇ ಬಂದು ಬಾಗಿಲಿಗೆ ಒರಗಿ ನಿಂತರು. ಎಲ್ಲ ಕೇಳಿಸಿಕೊಂಡು ಮೇಡಂ ತಲೆ ಅಲ್ಲಾಡಿಸಿದರು.

"ಸೈನ್ಸಿನಾಗ ಅಸ್ತುಗಿಸ್ತು ನಡಿಯಂಗಿಲ್ಲ ಸುಷಮಾ. ಪ್ರಶ್ನಿ ನೇರ ಇರಬೇಕು. ಹಳೇದ್ನ ಇಡು, ಇಲ್ಲಂದ್ರ ವಿಷಯ ಬಿಡು."

ಸುಷಮಾ ಧೈರ್ಯ ತಂದುಕೊಂಡು ಕುರ್ಚಿ ಎಳೆದಳು. "ಒಮ್ಮೆ ನೀವೂ ಕೂತು ನೋಡ್ರಿ ಮೇಡಂ. ಹಳೇ ಪ್ರಶ್ನೀನ ಕೇಳ್ತೀನಿ."

ಮೇಡಂ ಕನ್ನಡಕ ಏರಿಸಿ ಕೂತರು. ಚುಕ್ಕೆಗಳು ಹರಿದವು, ಎರಡು ಹತ್ತಿರ ಬಂದವು, ಪರದೆ ಕಪ್ಪಾಯಿತು.

"ಮೇಡಂ, ಎರಡೂ ವಿಮಾನ ಡಿಕ್ಕಿ ಹೊಡೀತಿದ್ವೋ ಇಲ್ಲೋ?"

ಮೇಡಂ ಬಾಯಿ ತೆರೆದರು. ಬಾಗಿಲಲ್ಲಿ ಗುರುಶಾಂತಮ್ಮ ಕೊರಳಿನ ಲಿಂಗ ಹಿಡಿದುಕೊಂಡರು. ಮೇಡಂ ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದರು. ಒಮ್ಮೆ ಮೇಲೆ ತೊಲೆಯ ಕಡೆ ನೋಡಿದರು, ಒಮ್ಮೆ ಸುಷಮಾಳ ಕಡೆ ನೋಡಿದರು.

"ನಾಳಿಗೆ ನಂದು ದಿಲ್ಲಿಗೆ ಫ್ಲೈಟ್ ಐತಿ," ಎಂದರು ಮೆಲ್ಲಗೆ. "ಆ ಹೊಸಾ ಪ್ರಶ್ನಿ ಕೇಳವ್ವ."

ಸುಷಮಾ ಕೇಳುವ ಮೊದಲೇ ಅವರ ಬೆರಳು ಪರದೆಯ ಮೇಲಿತ್ತು.