ಅಂಕದಿಂದ ಹಾರಿದ ಕಾಡುಹುಂಜ

ಮುಂಡಪ್ಪನ ಉತ್ತರಕ್ರಿಯೆಯ ದಿನ ನಿತ್ಯಾನಂದ ಶೆಟ್ಟರು ಪಾಯಸವನ್ನು ಎರಡನೆಯ ಸಲ ಬಡಿಸಿಕೊಳ್ಳುತ್ತ, "ಕೋಳಿಯ ವಿಷಯದಲ್ಲಿ ಅವನಷ್ಟು ತಿಳಿದವ ಬೆಳುವಾಯಿಯಲ್ಲೇ ಇರಲಿಲ್ಲ" ಎಂದರು. ಪಂಕ್ತಿಯಲ್ಲಿದ್ದವರೆಲ್ಲ ತಲೆಯಾಡಿಸಿದರು. ಎಂಟು ವರ್ಷ ಅವನನ್ನು ಕೋಳಿ ಕಾಳಗ ನಡೆಯುವ ಅಂಕದ ಹತ್ತಿರ ಸುಳಿಯಗೊಡದ ತಲೆಗಳೇ ಅವು. ನನಗೆ ಅನ್ನ ಸೇರಲಿಲ್ಲ. ನನ್ನ ಗೆಳೆಯನಿಗೆ ಕೋಳಿಯ ವಿಷಯ ಏನೂ ಗೊತ್ತಿರಲಿಲ್ಲ. ಅದನ್ನು ಅವನ ಮುಖಕ್ಕೇ ಹೇಳುತ್ತಿದ್ದವನು ನಾನು. ಈಗಲೂ ಅದನ್ನೇ ಹೇಳುತ್ತೇನೆ.

ಅವನು ಶೆಟ್ಟರ ಒಕ್ಕಲು. ಬಡಕಲು ಮೈ, ದೊಡ್ಡ ಗಂಟಲು. ಕೊಯ್ಲು ಮುಗಿದ ಗದ್ದೆಯಲ್ಲಿ ಅಂಕ ಶುರುವಾಯಿತೆಂದರೆ ಹೆಂಡತಿ ಸುಂದರಿ ಸಾಕಿದ ಹುಂಜವನ್ನು ಕಂಕುಳಲ್ಲಿಟ್ಟುಕೊಂಡು ಹೊರಡುವನು; ಸಂಜೆ ಬರಿಗೈಯಲ್ಲಿ ಬರುವನು. ಸೋತ ಕೋಳಿ ಗೆದ್ದವನ ಮನೆಯ ಸಾರಿಗೆ ಎಂಬುದು ಅಂಕದ ನಿಯಮ. ಯಾವ ವಾರ ಯಾವ ಬಣ್ಣದ ಹುಂಜ ಗೆಲ್ಲುತ್ತದೆಂದು ಹೇಳುವ ಪಂಚಾಂಗವೊಂದು ನಮ್ಮವರಲ್ಲಿ ಉಂಟು. ಮುಂಡಪ್ಪ ಅದನ್ನು ಬಾಯಿಪಾಠ ಮಾಡಿದ್ದ. ಬಾಯಿಪಾಠ ಮಾಡಿಯೇ ಸೋಲುತ್ತಿದ್ದ.

ಐವತ್ತೇಳರ ಬೇಸಗೆಯಲ್ಲಿ ಗುಡ್ಡೆಯಲ್ಲಿ ಸೊಪ್ಪು ಕಡಿಯುವಾಗ ಅವನ ಕಾಲಬುಡದಿಂದ ಕಾಡುಹೇಂಟೆಯೊಂದು ಎದ್ದು ಓಡಿತು. ಆ ಹೇಂಟೆಗಳು ಹಾಗೆಯೇ. ತರಗೆಲೆಯ ಬಣ್ಣ ಹೊತ್ತು, ತುಳಿಯುವವರೆಗೂ ಅಲ್ಲಾಡದೆ ಕುಳಿತಿರುತ್ತವೆ. ಕೆಳಗೆ ನಾಲ್ಕು ಮೊಟ್ಟೆ. ಮುಂಡಪ್ಪ ಅವನ್ನು ತಂದು ಮನೆಯ ಹೇಂಟೆಯ ಕಾವಿಗಿಟ್ಟ.

"ಊರಿನ ಕೋಳಿಗೇ ಇಷ್ಟು ಸಿಟ್ಟು ಇದ್ರೆ ಕಾಡಿನದ್ದಕ್ಕೆ ಎಷ್ಟು ಇರ್ಬೇಕು ಮಾರಾಯ?" ಎಂದ.

"ಕಾಡಿನದ್ದು ಸಿಟ್ಟು ಮಾಡ್ಲಿಕ್ಕೆ ನಿಂತ್ರೆ ನರಿ ತಿಂತದೆ. ಓಡಿ ಓಡಿಯೇ ಅದು ಉಳಿದದ್ದು. ಎರಡು ಹುಂಜ ಕಾದಾಡಿದ್ರೂ ಒಂದು ಹಿಂದೆ ಸರಿದ್ರೆ ಅಲ್ಲಿಗೆ ಮುಗೀತು. ಸಾಯುವವರೆಗೆ ಕಾದಾಡ್ಲಿಕ್ಕೆ ಕಲಿಸಿದ್ದು ನಾವು" ಎಂದೆ.

"ನೀನು ಪುಸ್ತಕ ಓದಿಕೊಂಡು ಕೂತ್ಕೊ."

ಮರಿಗಳು ಮೊದಲ ದಿನವೇ ನನ್ನ ಮಾತಿಗೆ ಸಾಕ್ಷಿ ಹೇಳಿದವು. ಗಿಡುಗನ ನೆರಳು ಬಿದ್ದರೆ ಸಾಕು, ಎಲೆಯಡಿ ಮಾಯ. ಸಾಕುತಾಯಿ ಕೂಗಿ ಕೂಗಿ ಸೋಲುತ್ತಿತ್ತು. ಮೂರು ಸತ್ತವು. ಉಳಿದ ಒಂದು ಹುಂಜ ಭತ್ತಕ್ಕೆ ಬರಲಿಲ್ಲ, ಗೂಡಿಗೆ ಹೋಗಲಿಲ್ಲ, ಸಂಜೆಯಾದರೆ ಹಲಸಿನ ಕೊಂಬೆಗೆ ಹಾರುತ್ತಿತ್ತು. ಮುಂಡಪ್ಪ ಗೆದ್ದಲು ಹಿಡಿದು ನಾಲಗೆಯಲ್ಲಿ ಟಕ್ ಟಕ್ ಎಂದರೆ ಮಾತ್ರ ಅವನ ಅಂಗೈಗೆ ಬರುತ್ತಿತ್ತು. ಬೇರೆ ಯಾರ ಹತ್ತಿರವೂ ಇಲ್ಲ. ಮರುವರ್ಷದ ಮಳೆಯಲ್ಲಿ ಅದರ ಕತ್ತಿನ ಚುಕ್ಕಿಗರಿಗಳು ಉದುರಿ ಅದು ಮಂಕಾಯಿತು. ಕಾಡುಹುಂಜ ಮಳೆಗಾಲದಲ್ಲಿ ಹೀಗೆ ಗರಿ ಕಳಚಿ ಸದ್ದಿಲ್ಲದೆ ಇರುತ್ತದೆ. ಈ ಮಹಾಶಯ ರೋಗವೆಂದು ಬಗೆದು ಅದಕ್ಕೆ ಕರಿಮೆಣಸಿನ ಕಷಾಯ ಕುಡಿಸಿದ. ಅದು ಬದುಕಿದ್ದೇ ಹೆಚ್ಚು.

ಕೊಯ್ಲಿನ ಹೊತ್ತಿಗೆ ಹೊಸ ಗರಿ ಬಂತು. ಅಂಕಕ್ಕೆ ಒಯ್ದ.

ಕೋಳಿಯ ಕಾಲಿಗೆ ಬಾಳು ಎಂಬ ಪುಟ್ಟ ಕತ್ತಿ ಕಟ್ಟುವ ಡೊಂಬಯ್ಯ ಅದನ್ನು ತಿರುಗಿಸಿ ನೋಡಿ, "ಇದೆಂಥ ಬಣ್ಣ? ಒಲೆಬೂದಿಯಲ್ಲಿ ಹೊರಳಿದ್ದಾ?" ಎಂದ. ಪಂಚಾಂಗದಲ್ಲಿ ಅಂಥ ಬಣ್ಣವೇ ಇಲ್ಲವೆಂದು ಗಲಾಟೆಯಾಯಿತು. ಶೆಟ್ಟರು ನಗುತ್ತ ತಮ್ಮ ಕೆಂಪು ಹುಂಜವನ್ನು ಮುಂದೆ ಮಾಡಿದರು.

"ಸೋತ್ರೆ ಕೊಡ್ತೀಯಲ್ಲ ಮುಂಡಪ್ಪ? ಕಾಡುಕೋಳಿ ತಿನ್ನದೆ ತುಂಬ ಸಮಯ ಆಯ್ತು."

"ಕೊಡ್ತೇನೆ ಧಣಿ. ಕೊಟ್ಟ ಮಾತು ಉಂಟು."

ಆ ಮಾತಿನ ತೂಕ ಓದುವವರಿಗೆ ತಿಳಿದಿರಬೇಕು. ಸೋತ ಕೋಳಿಯನ್ನು ಕೊಡದವನಿಗೆ ಅಂಕದಲ್ಲಿ ಮತ್ತೆ ಜಾಗವಿಲ್ಲ. ಮುಂಡಪ್ಪನಿಗೆ ಇಡೀ ವರ್ಷದಲ್ಲಿ ಇದ್ದ ಸಂತೋಷ ಅದೊಂದೇ.

ಹುಂಜಗಳನ್ನು ಬಿಟ್ಟರು. ಶೆಟ್ಟರದ್ದು ನುಗ್ಗಿತು. ಮುಂಡಪ್ಪನದ್ದು ಕತ್ತು ಉಬ್ಬಿಸಿ ಒಮ್ಮೆ ನೋಡಿತು. ನೋಡಿ, ನೆರೆದವರ ಮುಂಡಾಸುಗಳ ಮೇಲಿಂದ ನೆಟ್ಟಗೆ ಹಾರಿ ಧೂಪದ ಮರದಲ್ಲಿ ಕುಳಿತಿತು. ಅಂಥ ನಗು ಆ ಗದ್ದೆಯಲ್ಲಿ ಹಿಂದೆ ಎದ್ದಿರಲಿಲ್ಲ. ಅಲ್ಲಿದ್ದವರಲ್ಲಿ ಬುದ್ಧಿವಂತಿಕೆ ತೋರಿದ್ದು ಆ ಹುಂಜ ಒಂದೇ ಎಂದು ನನಗನಿಸಿತು.

"ಓಡಿದ್ದೂ ಸೋತದ್ದೇ. ಇಳಿಸಿ ಕೊಡು" ಎಂದರು ಶೆಟ್ಟರು.

ಕಾಲಿನ ಬಾಳು ಕೊಂಬೆಗೆ ತಾಗಿ ಹುಂಜಕ್ಕೆ ಸರಿಯಾಗಿ ಕೂರಲಾಗುತ್ತಿರಲಿಲ್ಲ. ಮುಂಡಪ್ಪ ಮರ ಹತ್ತಿದ. ಟಕ್ ಟಕ್ ಎಂದ. ಕೆಳಗೆ ಇಷ್ಟು ಬೊಬ್ಬೆ ಇದ್ದರೂ ಅದು ತಡವರಿಸುತ್ತ ಕೊಂಬೆಯುದ್ದಕ್ಕೂ ಅವನ ಕೈಗೆ ಬಂತು. ಅವನು ನೂಲು ಬಿಚ್ಚಿ ಬಾಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಕೆಳಗೆ ಶೆಟ್ಟರ ಆಳು ಕೈ ಚಾಚಿದ್ದ. ಮುಂಡಪ್ಪ ಗುಡ್ಡೆಯ ಕಡೆ ತಿರುಗಿ ಎರಡೂ ಕೈ ಬಿಚ್ಚಿದ. ಹುಂಜ ನಾಲ್ಕು ಸಲ ರೆಕ್ಕೆ ಬಡಿದು, ಆಮೇಲೆ ತೇಲುತ್ತ ಗದ್ದೆ ದಾಟಿ ಪೊದೆಯೊಳಗೆ ಇಳಿಯಿತು.

ಡೊಂಬಯ್ಯ ಒಳ್ಳೆಯವನು. "ಕೈ ಜಾರಿತಾ ಮುಂಡಪ್ಪ?" ಎಂದು ಕೇಳಿದ. ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಇಲ್ಲ. ಬಿಟ್ಟೆ."

"ಹಾಗಾದ್ರೆ ಇನ್ನು ಈ ಕಡೆ ಕಾಲಿಡ್ಬೇಡ" ಎಂದರು ಶೆಟ್ಟರು. ಅವನ ಕಾಲ ಬಳಿ ಉಗುಳಿದವರೂ ಇದ್ದರು. ಅವರಲ್ಲಿ ಇಬ್ಬರು ಮೊನ್ನೆ ಪಂಕ್ತಿಯಲ್ಲಿ ಮುಂದೆಯೇ ಕುಳಿತಿದ್ದರು.

ದಾರಿಯುದ್ದಕ್ಕೂ ನಾನು ಬೈದೆ. "ಜಾರಿತು ಅಂತ ಹೇಳ್ಲಿಕ್ಕೆ ಎಂಥ ರೋಗ ನಿನಗೆ?"

"ಕೈಗೆ ಬಂತಲ್ಲ ಮಾರಾಯ. ಅಷ್ಟು ಜನ ಇದ್ರೂ ಬಂತು."

"ಕತ್ತೆ ನೀನು."

"ಹೌದು" ಎಂದ.

ಅವನು ಮತ್ತೆ ಆ ಕಡೆ ಹೋಗಲಿಲ್ಲ. ಅಂಕದ ದಿನಗಳಲ್ಲಿ ನನ್ನ ಜಗಲಿಗೆ ಬಂದು, ಗದ್ದೆಯಿಂದ ಕೇಳುವ ಬೊಬ್ಬೆಗೆ ಕಿವಿಗೊಟ್ಟು, "ಈಗ ಬಿಳಿಯದ್ದು ಗೆದ್ದಿತು, ಈಗ ಕೆಂಪಿನದ್ದು" ಎನ್ನುತ್ತಿದ್ದ. ಸಂಜೆ ವಿಚಾರಿಸಿದರೆ ಅವನು ಹೇಳಿದ್ದೆಲ್ಲ ತಪ್ಪಾಗಿರುತ್ತಿತ್ತು.